ಗಿಟಾರುಗಳ ತವರು ನಜರೇತ್

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪೂರ್ವ ಭಾಗದಲ್ಲಿ ನಜರೇತ್ ಎಂಬ ಪುಟ್ಟ ಊರಿದೆ. ನ್ಯೂಯಾರ್ಕ್ ನಗರದಿಂದ ಕಾರಿನಲ್ಲಿ ಸುಮಾರು ಎರಡು ಗಂಟೆಯ ಹಾದಿ. ಜನಸಂಖ್ಯೆ ಆರು ಸಾವಿರದ ಆಸುಪಾಸು. ಮೊರೇವಿಯನ್ ಪಂಥದ ಜರ್ಮನ್ ಕ್ರೈಸ್ತರು 1740ರ ದಶಕದಲ್ಲಿ ನೆಲೆಯೂರಿದ ಈ ಊರಿಗೆ ಬೈಬಲ್ಲಿನ ಊರಿನದೇ ಹೆಸರು. ಸಂಗೀತವಿಲ್ಲದೆ ಪ್ರಾರ್ಥನೆಯಿಲ್ಲ ಎನ್ನುವ ಜನ ಅವರು. 1759ರಲ್ಲಿ ತಯಾರಾದ ಪಿಟೀಲೊಂದು ಇಲ್ಲಿನ ಮೊರೇವಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಅಮೆರಿಕದಲ್ಲೇ ತಯಾರಾದ ಅತ್ಯಂತ ಹಳೆಯ ಪಿಟೀಲುಗಳಲ್ಲಿ ಅದೂ ಒಂದು.

ಆದರೆ ಈ ಊರಿಗೆ ದೂರದೂರದ ಜನರನ್ನು ಎಳೆದು ತರುವುದು ಪಿಟೀಲಲ್ಲ, ಗಿಟಾರು. ಸಿಕಮೋರ್ ಬೀದಿಯಲ್ಲಿ ಮಾರ್ಟಿನ್ ಕಂಪನಿಯ ಕಾರ್ಖಾನೆಯಿದೆ, ಜೊತೆಗೇ ಅದರ ವಸ್ತುಸಂಗ್ರಹಾಲಯವೂ ಇದೆ. ಇದರ ಮೂಲಪುರುಷ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ 1796ರಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿ ಹುಟ್ಟಿದವನು, ಬಡಗಿಗಳ ಮನೆತನದವನು. ಅಲ್ಲಿನ ಪಿಟೀಲು ತಯಾರಕರ ಸಂಘ 'ಗಿಟಾರು ಮಾಡುವ ಹಕ್ಕು ನಮ್ಮದು, ಬಡಗಿಗಳದ್ದಲ್ಲ' ಎಂದು ವರ್ಷಗಟ್ಟಲೆ ತಕರಾರು ಎಬ್ಬಿಸಿತ್ತು. ಬೇಸತ್ತ ಮಾರ್ಟಿನ್ 1833ರಲ್ಲಿ ಸಂಸಾರ ಸಮೇತ ನ್ಯೂಯಾರ್ಕಿಗೆ ಹಡಗು ಹತ್ತಿದ. ಆ ದಶಕ ಮುಗಿಯುವ ಹೊತ್ತಿಗೆ ನಜರೇತಿಗೆ ಬಂದು ನೆಲೆಸಿದ. ಅಂದಿನಿಂದ ಕಂಪನಿ ಊರು ಬಿಟ್ಟು ಕದಲಿಲ್ಲ.

ಕಾರ್ಖಾನೆಯೊಳಗೆ ಸುತ್ತುವ ವಿದ್ಯಾರ್ಥಿಗಳಿಗೆ ಮೊದಲು ನಗು ಬರಿಸುವ ವಸ್ತು ಬಟ್ಟೆಯ ಕ್ಲಿಪ್ಪು. ಗಿಟಾರಿನ ಬಾಗಿದ ಪಕ್ಕೆಗಳ ಒಳಅಂಚಿಗೆ ಅಂಟಿಸಿದ ಮರದ ಪಟ್ಟಿ ಒಣಗುವ ತನಕ ಅದನ್ನು ಹಿಡಿದಿಡುವುದು ಒಗೆದ ಬಟ್ಟೆಗೆ ಸಿಕ್ಕಿಸುವಂಥ ಸಾಮಾನ್ಯ ಕ್ಲಿಪ್ಪುಗಳು! ಸಾವಿರಾರು ಡಾಲರ್ ಬೆಲೆಯ ವಾದ್ಯಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಯಾರಿಗೂ ಹೊಳೆದಿಲ್ಲ.

ವಸ್ತುಸಂಗ್ರಹಾಲಯದಲ್ಲಿ 1830ರ ದಶಕದಿಂದ ಇಂದಿನವರೆಗಿನ ಗಿಟಾರುಗಳಿವೆ. ಮೊದಲ ಕಾಲದವುಗಳಲ್ಲಿ ಆರೂ ಬಿರಡೆಗಳು ಒಂದೇ ಮಗ್ಗುಲಿಗಿರುವುದನ್ನು ಕಾಣಬಹುದು. ಅಟ್ಟದ ಮೇಲೆ ಅಜ್ಜನ ಗಿಟಾರೊಂದು ಧೂಳು ಹಿಡಿದು ಕೂತಿದ್ದರೆ ಅದು ಯಾವ ಕಾಲದ್ದು ಎಂದು ಹೇಳುವುದು ಹೇಗೆ ಎಂಬ ಕುತೂಹಲಕ್ಕೆ ಇಲ್ಲಿ ಒಳ್ಳೆಯ ಉತ್ತರ ಸಿಗುತ್ತದೆ. ತಂತಿಗಳ ಕೆಳಗಿನ ದುಂಡು ರಂಧ್ರದೊಳಗೆ ಟಾರ್ಚ್ ಬಿಟ್ಟು ನೋಡಿದರೆ, ಕುತ್ತಿಗೆ ಸೇರುವ ಕಡೆಯ ಮರದ ತುಂಡಿನ ಮೇಲೆ ಒತ್ತಿದ ಸಂಖ್ಯೆಯಿರುತ್ತದೆ. ಸಂಖ್ಯೆ ಹಾಕುವ ಪದ್ಧತಿ ಶುರುವಾದದ್ದು 1898ರಲ್ಲಿ. ಅಷ್ಟರೊಳಗೆ ಎಷ್ಟು ಗಿಟಾರು ಮಾಡಿರಬಹುದೆಂದು ಅಂದಾಜು ಹಾಕಿ 8000ದಿಂದ ಎಣಿಕೆ ಆರಂಭಿಸಿದರು. 2004ರಲ್ಲಿ ಅದು ಹತ್ತು ಲಕ್ಷ ಮುಟ್ಟಿತು. 1930ರ ಕೊನೆಯಿಂದ ಸಂಖ್ಯೆಯ ಜೊತೆಗೆ ಮಾದರಿಯ ಹೆಸರನ್ನೂ ಒತ್ತತೊಡಗಿದರು. ಸಂಖ್ಯೆಯೇ ಇಲ್ಲದಿದ್ದರೆ? ಆಗ ಮುದ್ರೆ ನೋಡಬೇಕು. 1867ಕ್ಕಿಂತ ಮೊದಲಿನದರಲ್ಲಿ ಮಾರ್ಟಿನ್ ಹೆಸರಷ್ಟೇ ಇರುತ್ತದೆ, ಆಮೇಲಿನದರಲ್ಲಿ 'ಅಂಡ್ ಕಂಪನಿ' ಎಂಬುದೂ ಸೇರುತ್ತದೆ. ಸ್ವಾರಸ್ಯವೆಂದರೆ, ನಜರೇತಿನಲ್ಲೇ ತಯಾರಾದರೂ 1898ರವರೆಗೆ ಮುದ್ರೆಯಲ್ಲಿದ್ದುದು ನ್ಯೂಯಾರ್ಕಿನ ಹೆಸರು. ಮಾರಾಟವೆಲ್ಲ ಅಲ್ಲಿಂದಲೇ ಆಗುತ್ತಿತ್ತಲ್ಲ!

ಮರವೂ ವಯಸ್ಸು ಹೇಳುತ್ತದೆ. ಇಲ್ಲಿ ಮಲೆನಾಡಿನವರ ಕಿವಿ ನೆಟ್ಟಗಾಗಬೇಕು. ಬೆಲೆಬಾಳುವ ಮಾದರಿಗಳ ಬೆನ್ನು ಮತ್ತು ಪಕ್ಕೆಗಳಿಗೆ 1969ರವರೆಗೆ ಬಳಸುತ್ತಿದ್ದುದು ಬ್ರೆಜಿಲ್ಲಿನ ರೋಸ್‌ವುಡ್. ಅದು ಸಿಗುವುದು ದುರ್ಲಭವಾದಾಗ ಆ ಜಾಗಕ್ಕೆ ಬಂದದ್ದು ಇಂಡಿಯನ್ ರೋಸ್‌ವುಡ್, ಅಂದರೆ ಪಶ್ಚಿಮಘಟ್ಟದ ಕಾಡುಗಳಲ್ಲೂ ಬೆಳೆಯುವ ನಮ್ಮ ಬೀಟೆ. ನಾದದಲ್ಲಿ ಬೀಟೆ ಹಿಂದೆ ಬಿದ್ದಿಲ್ಲ. ಆದರೂ 1969ಕ್ಕೆ ಮೊದಲಿನ ಗಿಟಾರಿಗೆ ಸಂಗ್ರಹಕಾರರು ತೆರುವ ಬೆಲೆಯೇ ಬೇರೆ. ಬ್ರೆಜಿಲ್ ರೋಸ್‌ವುಡ್‌ಗೆ 1992ರಿಂದ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಕಟ್ಟುನಿಟ್ಟಿನ ನಿರ್ಬಂಧವಿದೆ. ಅಂಥ ಗಿಟಾರನ್ನು ಮಾರಲೆಂದು ಗಡಿ ದಾಟಿಸುವವರು ಮೊದಲು ಕಾಗದಪತ್ರ ಸರಿಮಾಡಿಕೊಳ್ಳಬೇಕು.

ವಯಸ್ಸು ತಿಳಿದ ಮೇಲೆ ಕಷ್ಟದ ಪ್ರಶ್ನೆ ಬರುತ್ತದೆ: ಸರಿಪಡಿಸುವುದೋ, ಇದ್ದ ಹಾಗೆ ಬಿಡುವುದೋ? ಉಕ್ಕಿನ ತಂತಿಗಳು ಆರೂ ಸೇರಿ ಸುಮಾರು 70 ಕಿಲೋ ಭಾರದಷ್ಟು ಎಳೆತ ಹಾಕುತ್ತವೆ. ದಶಕಗಳ ಕಾಲ ಹೀಗೆ ಎಳೆಸಿಕೊಂಡ ಕುತ್ತಿಗೆ ಮುಂದಕ್ಕೆ ಬಾಗಿ, ತಂತಿಗಳು ಮೆಟ್ಟಿಲುಗಳಿಂದ ಮೇಲಕ್ಕೇಳುತ್ತವೆ. ಒತ್ತಿದರೆ ಬೆರಳು ನೋಯುತ್ತದೆ. ಇದಕ್ಕೆ ಮದ್ದಿದೆ. ಆವಿ ಹಾಯಿಸಿ ಅಂಟು ಸಡಿಲಿಸಿ, ಕುತ್ತಿಗೆ ಬಿಚ್ಚಿ, ಬುಡದಲ್ಲಿ ಕೂದಲೆಳೆಯಷ್ಟು ಮರ ಹೆರೆದು ಮತ್ತೆ ಕೂಡಿಸುತ್ತಾರೆ. ಬಿರುಕುಗಳಿಗೆ ಒಳಗಿನಿಂದ ಚಿಕ್ಕ ಮರದ ತುಂಡುಗಳನ್ನು ಅಂಟಿಸುತ್ತಾರೆ. ನುರಿತವರು ಮಾಡಿದರೆ ಇವು ಗಿಟಾರಿನ ಬೆಲೆ ಕಳೆಯುವುದಿಲ್ಲ, ಆಯುಷ್ಯ ಹೆಚ್ಚಿಸುತ್ತವೆ.

ಕೆಡುಕು ಶುರುವಾಗುವುದು ಹೊಳಪಿನ ಆಸೆಯಿಂದ. ಮಾಸಿದ ವಾರ್ನಿಷ್ ಉಜ್ಜಿ ತೆಗೆದು ಹೊಸದು ಬಳಿದರೆ ಬೆಲೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಹಳೆಯ ಗಿಟಾರಿನ ವ್ಯಾಪಾರಿಗಳಲ್ಲಿ ರೂಢಿಯಾದ ಮಾತು. ಉಜ್ಜುವಾಗ ಮರವೂ ತೆಳುವಾಗುತ್ತದೆ, ಯಾವ ಕಾಲದ್ದೆಂಬ ಸಾಕ್ಷ್ಯವೂ ಹೋಗುತ್ತದೆ. ಗುಡಿಯ ಕಲ್ಲುಕಂಬಕ್ಕೆ ಎಣ್ಣೆಬಣ್ಣ ಬಳಿದು ಚಂದ ಮಾಡಿದೆವೆಂದುಕೊಳ್ಳುವ ಉತ್ಸಾಹ ನಮ್ಮೂರುಗಳಲ್ಲಷ್ಟೇ ಇಲ್ಲ! ಇನ್ನೊಂದು ಅಪಾಯವುಂಟು. ಹತ್ತೊಂಬತ್ತನೇ ಶತಮಾನದ ಗಿಟಾರುಗಳನ್ನು ಕಟ್ಟಿದ್ದು ಕರುಳಿನ ತಂತಿಗಾಗಿ. ಮಗನ ಕಲಿಕೆಗೆ ಇರಲಿ ಎಂದು ಅದಕ್ಕೆ ಉಕ್ಕಿನ ತಂತಿ ಬಿಗಿದರೆ ಕುದುರೆ ಕಿತ್ತು ಬರಬಹುದು, ಮೇಲ್ಹಲಗೆಯೇ ಉಬ್ಬಿ ಸೀಳಬಹುದು. ಇನ್ನು ಪ್ಲೈವುಡ್ಡಿನ ಅಗ್ಗದ ಗಿಟಾರಾದರೆ ರಿಪೇರಿ ಖರ್ಚು ಹೊಸದರ ಬೆಲೆಯನ್ನೇ ಮೀರುತ್ತದೆ. ಅಜ್ಜನ ನೆನಪಿಗಾಗಿ ಅಷ್ಟು ಖರ್ಚು ಮಾಡುವುದು ತಪ್ಪಲ್ಲ, ಲೆಕ್ಕ ಗೊತ್ತಿದ್ದು ಮಾಡಬೇಕು ಅಷ್ಟೆ.

ಯಾವ ಮದ್ದಿಗೂ ಬಗ್ಗದ ಪ್ರಕರಣವೊಂದು ಈ ವಸ್ತುಸಂಗ್ರಹಾಲಯದ್ದೇ. 1870ರ ದಶಕದ ಗಿಟಾರೊಂದನ್ನು 'ದ ಹೇಟ್‌ಫುಲ್ ಎಯ್ಟ್' ಎಂಬ ಚಿತ್ರದ ಚಿತ್ರೀಕರಣಕ್ಕೆ ಎರವಲು ಕೊಡಲಾಗಿತ್ತು. ಒಡೆಯುವ ದೃಶ್ಯಕ್ಕೆಂದು ನಕಲು ಗಿಟಾರುಗಳು ಸಿದ್ಧವಿದ್ದರೂ ಅದು ತಿಳಿಯದೆ ನಟ ಕರ್ಟ್ ರಸೆಲ್ ಅಸಲಿಯನ್ನೇ ಕಂಬಕ್ಕೆ ಅಪ್ಪಳಿಸಿದ. ಎದುರಿದ್ದ ನಟಿಯ ಚೀತ್ಕಾರ ನಟನೆಯಲ್ಲ. 2015ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ಅದು ಹಾಗೆಯೇ ಉಳಿದಿದೆ. ಜೋಡಿಸುವ ಸ್ಥಿತಿಯಲ್ಲಿ ಗಿಟಾರು ಉಳಿದಿರಲಿಲ್ಲ. ಇನ್ನು ಮುಂದೆ ಸಿನಿಮಾಕ್ಕೆ ಗಿಟಾರು ಕೊಡುವುದಿಲ್ಲವೆಂದು ಕಂಪನಿ ಸಾರಿತು.

ಇದಕ್ಕೆ ತೀರಾ ವಿರುದ್ಧವಾದದ್ದು ಗಾಯಕ ವಿಲ್ಲಿ ನೆಲ್ಸನ್‌ನ 'ಟ್ರಿಗರ್'. ನಜರೇತಿನಲ್ಲಿ ತಯಾರಾದ ಈ ಗಿಟಾರು 1969ರಲ್ಲಿ ಆತನ ಕೈಸೇರಿತು. ಬೆರಳಿಂದ ಮೀಟುವ ಮಾದರಿಯಾದ್ದರಿಂದ ಇದರ ಮೈಗೆ ರಕ್ಷಣೆಯ ಪಟ್ಟಿಯಿಲ್ಲ. ಆತ ಮೀಟುಕಡ್ಡಿಯಿಂದ ನುಡಿಸಿದ್ದರಿಂದ ಮರ ಸವೆದು ಸವೆದು ದೊಡ್ಡ ತೂತೇ ಬಿದ್ದಿತು. ಒಳಗಿನ ಆಸರೆಪಟ್ಟಿಗಳನ್ನು ರಿಪೇರಿಯವರು ಕಾಲಕಾಲಕ್ಕೆ ಭದ್ರಪಡಿಸುತ್ತ ಬಂದಿದ್ದಾರೆ. ತೂತನ್ನು ಮಾತ್ರ ಯಾರೂ ಮುಚ್ಚಿಲ್ಲ.