ಒಳಚಿಲಕ

ನಮ್ಮ ಬೀದಿಯಲ್ಲಿ ಒಬ್ಬ ಹಿರಿಯರಿದ್ದಾರೆ. ಸರ್ಕಾರಿ ನೌಕರಿಯಿಂದ ನಿವೃತ್ತರಾದವರು, ಸಜ್ಜನರು, ಮುಂಜಾನೆಯ ತಿರುಗಾಟದಲ್ಲಿ ನನ್ನ ಜೊತೆಗಾರರು. ಲೋಕದ ಯಾವ ರೋಗಕ್ಕೂ ಅವರಲ್ಲಿ ಒಂದೇ ಮದ್ದು: ಸರ್ಕಾರ ಇನ್ನಷ್ಟು ಬಿಗಿಯಾಗಬೇಕು. ಮೊನ್ನೆಯೂ ಹಾಗೆಯೇ ಮಾತಿಗೆ ಮಾತು ಬೆಳೆದು, ಪ್ರಜೆಯ ಮನೆ, ಮಾತು, ಓಡಾಟ ಎಲ್ಲವೂ ಸರ್ಕಾರಕ್ಕೆ ತಿಳಿದಿದ್ದರೆ ನಷ್ಟವೇನು ಎಂದು ಕೇಳಿದರು. "ನಾನೇನು ಕಳ್ಳನೇ ಮೇಷ್ಟ್ರೇ? ತಪ್ಪು ಮಾಡದವನಿಗೆ ಮುಚ್ಚಿಡುವುದೇನಿದೆ?" ಹೀಗೆಂದವರು ತಮ್ಮ ಮನೆ ಸೇರಿ, ಗೇಟಿಗೆ ಬೀಗ ಹಾಕಿ, ಮುಂಬಾಗಿಲ ಮೇಲಿನದೊಂದು ಕೆಳಗಿನದೊಂದು ಚಿಲಕ ಜಡಿದು, ಕಿಟಕಿಯ ಪರದೆಯನ್ನೂ ಎಳೆದರು. ಚಿಲಕದ ಸದ್ದು ಬೀದಿಗೇ ಕೇಳಿಸಿತು.

ಅವರು ಒಳಗೆ ಏನೂ ತಪ್ಪು ಮಾಡುತ್ತಿರಲಿಲ್ಲ ಎಂಬುದಕ್ಕೆ ನಾನೇ ಜಾಮೀನು. ಪಂಚೆಯನ್ನು ಕಳಚಿ ಹಳೆಯ ಟವೆಲ್ಲೊಂದನ್ನು ಸುತ್ತಿಕೊಂಡು, ಕನ್ನಡಕ ಹುಡುಕುತ್ತ, ಯಾರ ಮೇಲೋ ಗೊಣಗುತ್ತಿದ್ದಿರಬೇಕು. ಅಷ್ಟನ್ನು ಮಾಡಲಿಕ್ಕಾದರೂ ಒಂದು ಚಿಲಕ ಬೇಕು. ಹೊರಗಿನ ಬೀಗ ಕಳ್ಳನ ಸಲುವಾಗಿ ಹುಟ್ಟಿದ್ದು ನಿಜ. ಒಳಚಿಲಕ ಕಳ್ಳನಲ್ಲದವರ ಸಲುವಾಗಿಯೂ ಹುಟ್ಟಿರಬೇಕು.

ಈ ಒಳಚಿಲಕಕ್ಕೂ ಸರ್ಕಾರಕ್ಕೂ ಇರುವ ನಂಟನ್ನು ನಮ್ಮ ಸುಪ್ರೀಂ ಕೋರ್ಟು ವಿಚಾರ ಮಾಡಬೇಕಾಗಿ ಬಂದದ್ದು ಉತ್ತರ ಪ್ರದೇಶದ ಒಬ್ಬ ಹಳ್ಳಿಯವನ ನಿದ್ದೆಯ ದೆಸೆಯಿಂದ. ಅವನ ಹೆಸರು ಖರಕ್ ಸಿಂಗ್. 1941ರಲ್ಲಿ ಒಂದು ದರೋಡೆಯ ಮೊಕದ್ದಮೆಯಲ್ಲಿ ಪೊಲೀಸರು ಅವನನ್ನು ಹಿಡಿದರು. ಸಾಕ್ಷ್ಯವಿಲ್ಲವೆಂದು ಬಿಟ್ಟರು. ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಠಾಣೆಯಲ್ಲಿ ಅವನ ಹೆಸರಿಗೊಂದು ಕಡತ ತೆರೆದಿತ್ತು; ಕಡತವೆಂಬುದು ತೆರೆಯುವಷ್ಟು ಸುಲಭವಾಗಿ ಮುಚ್ಚುವ ವಸ್ತುವಲ್ಲ. ಆ ಪ್ರಾಂತ್ಯದ ಪೊಲೀಸ್ ಕಟ್ಟಳೆಗಳಲ್ಲಿ 236ನೆಯದು ಇಂಥವರ ಮೇಲಿನ ನಿಗಾ ಹೇಗಿರಬೇಕೆಂದು ವಿಧಿಸಿತ್ತು: ಮನೆಯ ಹೊರಗೆ ಗುಟ್ಟಾದ ಪಹರೆ, ರಾತ್ರಿ ವೇಳೆ ಮನೆಗೆ ಭೇಟಿ, ನಡತೆ ಸಹವಾಸ ವರಮಾನ ಖರ್ಚು ಕಸುಬುಗಳ ಬಗ್ಗೆ ಆಗಾಗ ವಿಚಾರಣೆ, ಊರು ಬಿಟ್ಟರೆ ವರದಿ. ಚೌಕೀದಾರನೂ ಪೇದೆಗಳೂ ಅಪರಾತ್ರಿಯಲ್ಲಿ ಬಂದು ಕದ ಬಡಿದು ಕೂಗಿ ಎಬ್ಬಿಸುತ್ತಾರೆ, ಕೆಲವು ಸಲ ಎದ್ದು ಠಾಣೆಗೆ ಬಾ ಎನ್ನುತ್ತಾರೆ, ನೆಂಟರ ಊರಿಗೆ ಹೋಗಬೇಕಾದರೂ ಚೌಕೀದಾರನಿಗೆ ಹೇಳಿ ಹೋಗಬೇಕು ಎಂದು ಆತ ಕೋರ್ಟಿಗೆ ಅರಿಕೆ ಮಾಡಿಕೊಂಡ.

1962ರ ಡಿಸೆಂಬರ್ 18ರಂದು ಆರು ಮಂದಿ ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ರಾತ್ರಿ ಬಂದು ಕದ ಬಡಿಯುವುದು ಕೂಡದು ಎಂದರು. ಕಾರಣವನ್ನು ವಾಚಕರು ಗಮನಿಸಬೇಕು: ಆ ಕಟ್ಟಳೆ ಯಾವ ಶಾಸನಸಭೆಯೂ ಮಾಡಿದ ಕಾನೂನಲ್ಲ, ಅಧಿಕಾರಿಗಳು ತಮ್ಮ ಇಲಾಖೆಗೆ ತಾವೇ ಬರೆದುಕೊಂಡ ಸೂಚನೆ. ಅಂಥ ಸೂಚನೆಯ ಬಲದಿಂದ ಒಬ್ಬನ ನಿದ್ದೆ ಕೆಡಿಸುವಂತಿಲ್ಲ. ಇಷ್ಟು ಹೇಳಿದ ಬಹುಮತ ಉಳಿದ ನಿಗಾ ಇರಲಿ ಎಂದಿತು. ಖಾಸಗಿತನದ ಹಕ್ಕೆಂಬುದು ನಮ್ಮ ಸಂವಿಧಾನ ಭರವಸೆ ಕೊಟ್ಟ ಹಕ್ಕಲ್ಲ ಎಂದೂ ಸೇರಿಸಿತು. ನ್ಯಾಯಮೂರ್ತಿ ಸುಬ್ಬರಾಯರೂ ನ್ಯಾಯಮೂರ್ತಿ ಷಾ ಅವರೂ ಒಪ್ಪಲಿಲ್ಲ. ಕಣ್ಣ ಕಾವಲಿನಲ್ಲಿ ನಡೆದಾಡುವವನು ಸ್ವತಂತ್ರನಾಗಿ ನಡೆದಾಡುತ್ತಾನೆಂದು ಹೇಳುವುದು ಹೇಗೆ ಎಂಬುದು ಅವರ ವಾದದ ತಿರುಳು. ಆರರಲ್ಲಿ ಇಬ್ಬರು; ಅಲ್ಪಮತ. ಖರಕ್ ಸಿಂಗನ ಕದವನ್ನು ರಾತ್ರಿ ಬಡಿಯುವಂತಿರಲಿಲ್ಲ, ಆದರೆ ಹೊರಗೆ ನಿಂತು ಬರೆದುಕೊಳ್ಳಬಹುದಾಗಿತ್ತು.

ನನಗೆ ಈ ತೀರ್ಪಿನ ಕಡೆ ಮನಸ್ಸು ಹರಿದದ್ದು ಕಾನೂನಿನ ಮೋಹದಿಂದಲ್ಲ. ಕೆಲವು ವರ್ಷಗಳ ಕೆಳಗೆ ಒಂದು ಕಾಲೇಜಿನ ಹಾಸ್ಟೆಲಿಗೆ ನಾನು ವಾರ್ಡನ್ ಆಗಿದ್ದೆ. ಕನ್ನಡ ಅಧ್ಯಾಪಕನಾದ್ದರಿಂದ ಹುಡುಗರಿಗೆ ಭಯ ಕಡಿಮೆ, ಆಡಳಿತ ಮಂಡಳಿಗೆ ಅನುಮಾನ ಹೆಚ್ಚು. ಒಂದು ದಿನ ನನ್ನ ಕೈಗೆ ಎಲ್ಲ ಕೋಣೆಗಳ ಎರಡನೆಯ ಬೀಗದ ಕೈಗಳ ಗೊಂಚಲನ್ನು ಕೊಟ್ಟು, ಹುಡುಗರಿಲ್ಲದ ವೇಳೆ ಪೆಟ್ಟಿಗೆಗಳನ್ನು, ಇರುವ ವೇಳೆ ಫೋನುಗಳನ್ನು ನೋಡುತ್ತಿರಬೇಕೆಂದರು. ಯಾವ ಹುಡುಗನ ಮೇಲೆ ಯಾವ ದೂರು ಎಂದು ಕೇಳಿದೆ. ದೂರೇನೂ ಇಲ್ಲ, ದೂರು ಬರಬಾರದೆಂದೇ ಈ ಏರ್ಪಾಡು ಎಂದರು.

ಆ ರಾತ್ರಿ ಗಸ್ತು ಹೊರಟು ಒಂದು ಕೋಣೆಯ ಕದ ತಟ್ಟಿದೆ. ಕಾದೆ. ಬಾಗಿಲು ತೆರೆದಾಗ ಒಳಗಿದ್ದ ಹುಡುಗ, ಎರಡನೇ ವರ್ಷದ ಬಿ.ಎ. ಓದುತ್ತಿದ್ದವನು, ಮೇಜಿನ ಮೇಲಿನ ನೋಟುಪುಸ್ತಕವನ್ನು ತಟ್ಟನೆ ಬೋರಲು ಹಾಕಿದ. ಮುಖ ಕೆಂಪೇರಿತ್ತು. ಅದು ಪ್ರೇಮಪತ್ರವೋ, ಕವಿತೆಯೋ, ಕ್ಯಾಂಟೀನಿನ ಸಾಲದ ಲೆಕ್ಕವೋ ನನಗೆ ಇಂದಿಗೂ ತಿಳಿಯದು. ಊಟವಾಯಿತೇ ಎಂದು ಕೇಳಿ ಮುಂದೆ ಹೋದೆ. ಬೋರಲಾದ ಆ ಪುಸ್ತಕವನ್ನು ತಪ್ಪೊಪ್ಪಿಗೆಯೆಂದು ಓದುವವರಿದ್ದಾರೆ. ಹತ್ತೊಂಬತ್ತರ ಹುಡುಗ ಕೆಟ್ಟ ಕವಿತೆ ಬರೆಯುವ ಸ್ವಾತಂತ್ರ್ಯವನ್ನು ಕಳೆದುಕೊಂಡರೆ ಅವನು ಒಳ್ಳೆಯದನ್ನು ಬರೆಯುವ ಬಗೆ ಹೇಗೆ? ನಮ್ಮ ಎಲ್ಲ ಯೋಚನೆಗಳೂ ಮೊದಲು ಹೀಗೆ ಬೋರಲಾದ ಹಾಳೆಯಲ್ಲೇ ಹುಟ್ಟುವುದು. ರಾತ್ರಿ ಒಂಬತ್ತಕ್ಕೆ ತಲೆ ಎಣಿಸುತ್ತೇನೆ, ದೂರು ಬಂದ ಕೋಣೆಯನ್ನು ಇಬ್ಬರ ಎದುರಿನಲ್ಲಿ ನೋಡುತ್ತೇನೆ, ಅದಕ್ಕಿಂತ ಆಚೆಗೆ ಆಗದು ಎಂದು ಬರೆದುಕೊಟ್ಟು ಗೊಂಚಲನ್ನು ಹಿಂತಿರುಗಿಸಿದೆ. ಮುಂದಿನ ವರ್ಷ ವಾರ್ಡನ್‌ಗಿರಿ ಬೇರೆಯವರಿಗೆ ಹೋಯಿತು. ಅದರ ಜೊತೆಗಿದ್ದ ಬಾಡಿಗೆಯಿಲ್ಲದ ಮನೆಯೂ ಹೋಯಿತು. "ಹುಡುಗರ ಚಿಲಕ ಉಳಿಸಿದಿರಿ, ಸಂತೋಷ. ಇನ್ನು ತಿಂಗಳ ಬಾಡಿಗೆ ಎಲ್ಲಿ ಉಳಿಸುತ್ತೀರೋ ನೋಡಿ" ಎಂದು ನನ್ನ ಹೆಂಡತಿ ಸಾಮಾನು ಕಟ್ಟಿದಳು.

ಖರಕ್ ಸಿಂಗನ ತೀರ್ಪಿನ ಆ ಅರೆಮಾತು ಬಹುಕಾಲ ಹಾಗೆಯೇ ನಿಂತಿತ್ತು. ಅದನ್ನು ಅಲುಗಾಡಿಸಿದವರು ನಮ್ಮವರೇ ಒಬ್ಬರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಮೊಮ್ಮಕ್ಕಳ ಜೊತೆ ಕಾಲ ಕಳೆಯುವ ವಯಸ್ಸಿನಲ್ಲಿ, ಎಂಬತ್ತಾರರಲ್ಲಿ, 2012ನೆಯ ಇಸವಿ, ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಜನರ ಬೆರಳಚ್ಚು, ಕಣ್ಣಿನ ಗುರುತು ತೆಗೆದುಕೊಳ್ಳುತ್ತಿದ್ದೀರಿ. ಇದಕ್ಕೆ ಸಂಸತ್ತು ಮಾಡಿದ ಕಾನೂನೆಲ್ಲಿದೆ ಎಂಬುದು ಅವರ ಒಂದು ಪ್ರಶ್ನೆ. ಕಾನೂನು ಬಂದದ್ದು 2016ರಲ್ಲಿ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎನ್ನಲು ಸರ್ಕಾರದ ವಕೀಲರು ಆಧಾರವಾಗಿ ತೋರಿಸಿದ್ದರಲ್ಲಿ ಖರಕ್ ಸಿಂಗನ ತೀರ್ಪೂ ಒಂದು! 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಅದು ಮೂಲಭೂತ ಹಕ್ಕೆಂದು ಸಾರಿ, 1962ರ ಆ ಮಾತನ್ನು ರದ್ದುಮಾಡಿದರು. ಮರುವರ್ಷ ಆಧಾರ್ ಕಾಯ್ದೆಯ ಬಹುಭಾಗ ಕೋರ್ಟಿನಲ್ಲಿ ಉಳಿಯಿತು, ಖಾಸಗಿ ಕಂಪನಿಗಳು ಅದನ್ನು ಕೇಳಲು ಅವಕಾಶವಿದ್ದ ಭಾಗ ಬಿದ್ದಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, ತೊಂಬತ್ತೆಂಟರಲ್ಲಿ ತೀರಿಕೊಂಡರು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಉಚ್ಚರಿಸುವ ಆ ಹೆಸರು ನಮ್ಮ ಬೀದಿಯ ಹಿರಿಯರಿಗೆ ಗೊತ್ತಿರಲಿಲ್ಲ.

ಹಾಗೆಂದು ಚಿಲಕದ ಹಿಂದೆ ಏನು ನಡೆದರೂ ಸರ್ಕಾರ ಕಿವಿ ಮುಚ್ಚಿಕೊಂಡಿರಬೇಕೆಂಬ ಪಂಥದವನಲ್ಲ ನಾನು. ಒಳಗಿನಿಂದ ಹೆಂಗಸಿನ ಕೂಗು ಕೇಳಿಬಂದರೆ ಚಿಲಕದ ಮರ್ಯಾದೆ ಅಲ್ಲಿಗೆ ಮುಗಿಯಿತು. ಕೌಟುಂಬಿಕ ಹಿಂಸೆಯ ವಿರುದ್ಧ 2005ರಲ್ಲಿ ಬಂದ ಕಾಯ್ದೆ ಮನೆಯೊಳಗೆ ಕಾಲಿಟ್ಟದ್ದು ನ್ಯಾಯವಾಗಿಯೇ. ಕೂಗು ಕೇಳಿ ಕದ ಮುರಿಯುವುದು ಬೇರೆ, ಕೂಗಬಹುದೇನೋ ಎಂದು ಪ್ರತಿ ಮನೆಯ ಕದಕ್ಕೂ ಕಿವಿಗೊಟ್ಟು ನಿಲ್ಲುವುದು ಬೇರೆ.

ಕಿವಿಗೊಟ್ಟು ನಿಲ್ಲುವ ಚಾಳಿ ಹಳೆಯದು. ನಮ್ಮ ಕಥೆಗಳ ರಾಜರು ಮಾರುವೇಷದಲ್ಲಿ ರಾತ್ರಿ ಬೀದಿ ಸುತ್ತುವುದನ್ನು ನಾವು ಚಿಕ್ಕಂದಿನಿಂದ ಮೆಚ್ಚಿಕೊಂಡೇ ಬಂದಿದ್ದೇವೆ. ಸೀತಾಪರಿತ್ಯಾಗದ ಪಾಠ ಮಾಡುವಾಗ ನಾನು ಇದನ್ನು ಹೇಳುವುದುಂಟು. ಅಗಸನೊಬ್ಬ ರಾತ್ರಿ ಹೊರಗುಳಿದ ಹೆಂಡತಿಯನ್ನು ಮನೆಗೆ ಸೇರಿಸುವುದಿಲ್ಲವೆಂದು ಗದರಿಕೊಂಡ; ಅದು ಅವನ ಮನೆಯ ಜಗಳ. ಗೂಢಚಾರ ಅದನ್ನು ಹೊತ್ತು ಅರಮನೆಗೆ ತಂದ. ಸಾವಿರಾರು ವರ್ಷಗಳಿಂದ ನಾವು ಅಗಸನನ್ನು ಬೈಯುತ್ತಿದ್ದೇವೆ, ಗೋಡೆಯ ಮರೆಯಲ್ಲಿ ನಿಂತವನ ಹೆಸರನ್ನು ಯಾರೂ ಎತ್ತುವುದಿಲ್ಲ. ಈ ವರ್ಷ ಹೀಗೆ ಹೇಳಿ ಮುಗಿಸುತ್ತಿದ್ದಂತೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್, ಆ ಅಗಸನ ಹೆಂಡತಿ ಮುಂದೆ ಏನಾದಳು? ಅವಳನ್ನು ಮನೆಗೆ ಸೇರಿಸಿಕೊಂಡರೇ?"

ಅವಳ ಸುದ್ದಿ ಕಥೆಯಲ್ಲಿ ಮುಂದೆ ಬರುವುದಿಲ್ಲ ಎಂದೆ.