ಆಯಾಸಕ್ಕೆ ನಡಿಗೆ

ನಮ್ಮದು ತಲಕಾಡು. ಇಲ್ಲಿಯ ಮರಳಿನಲ್ಲಿ ನಡೆದವರಿಗೆ ಆಯಾಸವೆಂದರೇನೆಂದು ಹೇಳಬೇಕಾದುದಿಲ್ಲ. ಆದರೆ ಕಳೆದ ವರ್ಷ ನಮ್ಮ ಗೃಹಿಣಿಗೆ ಸ್ತನದ ಕ್ಯಾನ್ಸರಿಗಾಗಿ, 21 ದಿನಗಳಿಗೊಮ್ಮೆಯಂತೆ 6 ಸರದಿ, ಮೈಸೂರಿನಲ್ಲಿ ಔಷಧಚಿಕಿತ್ಸೆ ನಡೆದಾಗ ನಾವು ಕಂಡ ಆಯಾಸವು ಬೇರೆಯೇ ಬಗೆಯದು. ಹೊಲದಲ್ಲಿ ದುಡಿದವನ ದಣಿವು ರಾತ್ರಿಯ ನಿದ್ರೆಯಿಂದ ತೀರುವುದು. ಇದು ನಿದ್ರೆಯಿಂದೆದ್ದಾಗಲೂ ಹಾಗೆಯೇ ಉಳಿದಿರುವುದು. ಹೂ ಕಟ್ಟಲು ಕುಳಿತವಳು ಅರ್ಧ ಮೊಳಕ್ಕೇ ದಾರವನ್ನು ಕೆಳಗಿಟ್ಟು ಗೋಡೆಗೆ ಒರಗುತ್ತಿದ್ದಳು.

ನಾವಾದರೋ ಅಕ್ಕರೆಯಿಂದಲೇ ತಪ್ಪು ಮಾಡಿದೆವು. ನೀರಿನ ತಂಬಿಗೆಯನ್ನೂ ಎತ್ತಗೊಡದೆ ಮಂಚದ ಮೇಲೆಯೇ ಇರಿಸಿದೆವು. ನೆಂಟರಿಷ್ಟರೂ ಅದೇ ಸರಿಯೆಂದರು. ಮೂರನೆಯ ಸರದಿಯ ಹೊತ್ತಿಗೆ ಬಚ್ಚಲಿಗೆ ಹೋಗಿಬರುವುದಕ್ಕೂ ಆಕೆಗೆ ನಮ್ಮ ತೋಳು ಬೇಕಾಯಿತು. “ಈ ಮಂಚವೇ ನನ್ನನ್ನು ತಿಂದುಹಾಕುತ್ತದೆ, ನೋಡಿ” ಎಂದು ಒಂದು ದಿನ ಕಣ್ಣೀರಿಟ್ಟಳು.

ವೈದ್ಯರಿಗೆ ತಿಳಿಸಿದೆವು. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ದೋಷ, ನಿದ್ರಾಭಂಗ, ಮನೋವ್ಯಥೆ ಇವುಗಳಿಂದಲೂ ಆಯಾಸ ಹೆಚ್ಚುವುದುಂಟಾದ್ದರಿಂದ ಅವರು ಮೊದಲು ಅವುಗಳನ್ನೆಲ್ಲ ವಿಚಾರಿಸಿದರು. ಅಂಥದೇನೂ ಕಾಣದ ಮೇಲೆ, ದಿನವೂ ನಡೆಯಬೇಕೆಂದು ವಿಧಿಸಿದರು! ನಿಲ್ಲಲಾರದವಳಿಗೆ ನಡಿಗೆಯೇ ಎಂದು ನಮಗೆ ಸ್ವಲ್ಪ ಕೋಪವೇ ಬಂದಿತು. ಕೆಲಸವಿಲ್ಲದ ಸ್ನಾಯುಗಳು ಬಹುಬೇಗ ಕ್ಷೀಣಿಸುವುವೆಂದೂ, ಆ ಬಳಿಕ ಸಣ್ಣ ಕೆಲಸವೂ ದೇಹಕ್ಕೆ ಭಾರವಾಗುವುದೆಂದೂ ಅವರು ತಾಳ್ಮೆಯಿಂದ ವಿವರಿಸಿದರು. 2019ರಲ್ಲಿ ಅಮೆರಿಕದ ಕ್ರೀಡಾವೈದ್ಯಕೀಯ ಸಂಸ್ಥೆಯವರು ಕೂಡಿಸಿದ ತಜ್ಞಮಂಡಲಿಯು ಪ್ರಕಟಿಸಿದ ಅಭಿಪ್ರಾಯವೂ ಇದೇ: ವಾರಕ್ಕೆ 3 ದಿನ, 30 ನಿಮಿಷಗಳ ಮಿತವಾದ ವ್ಯಾಯಾಮವು ಈ ಆಯಾಸವನ್ನು ತಗ್ಗಿಸುವುದು. ಜ್ವರ, ತಲೆಸುತ್ತು, ಎದೆನೋವು ಇದ್ದಾಗ ಮಾತ್ರ ಕೂಡದು. ರೋಗವು ಮೂಳೆಗೆ ಹಬ್ಬಿದವರು ವೈದ್ಯರನ್ನು ಕೇಳದೆ ಯಾವ ವ್ಯಾಯಾಮಕ್ಕೂ ಕೈಹಾಕಬಾರದು.

ಮೊದಲ ದಿನ ಜಗುಲಿಯಿಂದ ಬೀದಿಯ ತಿರುವಿನವರೆಗೆ, 5 ನಿಮಿಷ. ಮರಳಿನ ದಾರಿಯನ್ನು ಬಿಟ್ಟುಬಿಟ್ಟೆವು. ಅಲ್ಲಿ ನಡೆಯುವುದಕ್ಕೆ ಗಟ್ಟಿನೆಲಕ್ಕಿಂತ ಎರಡು ಪಟ್ಟಿಗೂ ಮೀರಿದ ಶಕ್ತಿ ಬೇಕು. ಔಷಧ ಕೊಟ್ಟ ಮರುದಿನಗಳಲ್ಲಿ ಮನೆಯಂಗಳವೇ ಸಾಕಾಗುತ್ತಿತ್ತು. ಕೆಲವು ದಿನ ಅದೂ ಆಗಲಿಲ್ಲ. ಐದನೆಯ ಸರದಿ ಮುಗಿದ ಮೇಲೆ ಒಂದು ಸಂಜೆ, ನಡುವೆ ಎರಡು ಬಾರಿ ಕುಳಿತು, ವೈದ್ಯನಾಥೇಶ್ವರನ ಗುಡಿಯವರೆಗೂ ಬಂದಳು. ವೈದ್ಯರಿಗೆಲ್ಲ ಒಡೆಯನಾದವನ ಮುಂದೆ ಏನು ಬೇಡಿಕೊಂಡಳೋ ನಾವು ಕೇಳಲಿಲ್ಲ.

ಆಯಾಸವು ಪೂರ್ತಿ ಹೋಯಿತೆಂದು ಹೇಳಲಾರೆವು. ಅಂದು ಹಿಂತಿರುಗುವಾಗ ರೂಢಿಯಂತೆ ತೋಳು ಚಾಚಿದೆವು. “ತೋಳು ಬೇಡ, ನೀವು ಸ್ವಲ್ಪ ನಿಧಾನವಾಗಿ ನಡೆಯಿರಿ, ಸಾಕು” ಎಂದಳು.