ಉತ್ತರ ಬೇಡವೆಂದ ಕಾಗದ

ಚಾರ್ಲ್ಸ್ ಡಾರ್ವಿನ್ನನ ಹೆಂಡತಿ ಎಮ್ಮಾ, ಮದುವೆಯಾದ ಹೊಸದರಲ್ಲಿ, 1839ರ ಫೆಬ್ರವರಿಯ ಸುಮಾರಿಗೆ ಗಂಡನಿಗೊಂದು ಕಾಗದ ಬರೆದಳು. ಗಂಡ ಇದ್ದದ್ದು ಅದೇ ಮನೆಯಲ್ಲಿ. ದೇವರ ಬಗ್ಗೆ ಅವನಿಗಿದ್ದ ಸಂಶಯದ ಕುರಿತ ಆ ಕಾಗದಕ್ಕೆ ಉತ್ತರವೇನೂ ಬೇಡ, ಬರೆದದ್ದೇ ತನಗೆ ಸಮಾಧಾನ ಎಂದು ಅವಳು ಅದರಲ್ಲೇ ತಿಳಿಸಿದ್ದಳು. ಡಾರ್ವಿನ್ ಅದನ್ನು ಕೊನೆಯವರೆಗೂ ಜೋಪಾನವಾಗಿಟ್ಟುಕೊಂಡ.

ಎಮ್ಮಾ ಅವನಿಗೆ ಹೊರಗಿನವಳಲ್ಲ, ಸ್ವಂತ ಸೋದರಮಾವನ ಮಗಳು. ಕನ್ನಡದ ಓದುಗರಿಗೆ ಈ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಿಂಗಾಣಿಗೆ ಹೆಸರಾದ ಜೋಸಯಾ ವೆಜ್‌ವುಡ್ ಇಬ್ಬರಿಗೂ ಅಜ್ಜ. ಡಾರ್ವಿನ್ ಕೇಂಬ್ರಿಜ್‌ಗೆ ಹೋದದ್ದು ಪಾದ್ರಿಯಾಗುವ ಉದ್ದೇಶದಿಂದ. 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಲೋಕ ಸುತ್ತಿ ಬಂದ ಮೇಲಿನ ಒಂದೆರಡು ವರ್ಷಗಳಲ್ಲಿ ಅವನ ನಂಬಿಕೆ ಸಡಿಲವಾಗತೊಡಗಿತು. ಮದುವೆಯ ಮಾತು ಬಂದಾಗ ವೈದ್ಯನಾಗಿದ್ದ ತಂದೆ ರಾಬರ್ಟ್ ಹೇಳಿದ ಬುದ್ಧಿವಾದ ಇದು: ನಿನ್ನ ಸಂಶಯಗಳನ್ನು ಹೆಂಡತಿಯಾಗುವವಳಿಂದ ಮುಚ್ಚಿಡು. ಗಂಡನಿಗೆ ಸದ್ಗತಿಯಿಲ್ಲವೆಂಬ ಕೊರಗಿನಲ್ಲಿ ನರಳಿದ ಹೆಂಗಸರನ್ನು ಆತ ಕಂಡಿದ್ದ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ನಾಡಿನಲ್ಲಿ ಇದೇನೂ ವಿಪರೀತ ಸಲಹೆಯಾಗಿ ಕಾಣದು. ಮಗ ಮಾತ್ರ ಎಲ್ಲವನ್ನೂ ಎಮ್ಮಾಳಿಗೆ ಹೇಳಿಬಿಟ್ಟ.

1838ರ ನವೆಂಬರ್‌ನಲ್ಲಿ, ನಿಶ್ಚಿತಾರ್ಥವಾದ ಕೆಲವೇ ದಿನಗಳಲ್ಲಿ, ಎಮ್ಮಾ ಬರೆದ ಮೊದಲ ಕಾಗದದಲ್ಲಿ ಭಯವೂ ಇದೆ, ಕೃತಜ್ಞತೆಯೂ ಇದೆ. ಮುಚ್ಚುಮರೆಯಿಲ್ಲದೆ ಹೇಳಿದ್ದಕ್ಕೆ ಅವಳು ಉಪಕಾರ ನೆನೆಯುತ್ತಾಳೆ. ಇಷ್ಟು ದೊಡ್ಡ ವಿಷಯದಲ್ಲಿ ಮನಸ್ಸು ಬೇರೆಬೇರೆಯಾದರೆ ತಮ್ಮ ನಡುವೆ ನೋವಿನ ಕಂದಕ ಉಳಿದೀತೆಂದು ಅಂಜುತ್ತಾಳೆ. ಯೋಹಾನನ ಸುವಾರ್ತೆಯಲ್ಲಿ ಏಸು ಶಿಷ್ಯರಿಗೆ ವಿದಾಯ ಹೇಳುವ ಭಾಗವನ್ನು ತನಗೋಸ್ಕರ ಓದು ಎಂದು ಬೇಡಿಕೊಳ್ಳುತ್ತಾಳೆ. ಈ ಅಂಜಿಕೆಯ ಹಿಂದೆ ಒಂದು ಸಾವಿದೆ. ಜೊತೆಯಲ್ಲೇ ಬೆಳೆದ ಅಕ್ಕ ಫ್ಯಾನಿ 1832ರಲ್ಲಿ ತೀರಿಕೊಂಡಿದ್ದಳು. ಸತ್ತವರನ್ನು ಪರಲೋಕದಲ್ಲಿ ಮತ್ತೆ ಕಾಣುತ್ತೇನೆಂಬ ಆಸೆಗೆ ಎಮ್ಮಾ ಜೋತುಬಿದ್ದಿದ್ದಳು. ಗಂಡನಾಗುವವನು ನಂಬದಿದ್ದರೆ ಅವನನ್ನು ಅಲ್ಲಿ ಕಾಣುವ ಬಗೆ ಹೇಗೆ?

ಮದುವೆಯ ನಂತರದ ಕಾಗದ ಇನ್ನೂ ಸೂಕ್ಷ್ಮವಾದದ್ದು. ಸತ್ಯ ತಿಳಿಯಬೇಕೆಂದು ಮನಸಾರೆ ಹಂಬಲಿಸುತ್ತ ಆತ್ಮಸಾಕ್ಷಿಯಂತೆ ನಡೆಯುವವನು ತಪ್ಪಿತಸ್ಥನಾಗಲಾರ ಎಂದು ಅವಳು ಶುರುಮಾಡುತ್ತಾಳೆ. ಅಲ್ಲಿಗೇ ನಿಲ್ಲಿಸಿದ್ದರೆ ಅದು ಬರೀ ಒಳ್ಳೆಯತನದ ಕಾಗದವಾಗುತ್ತಿತ್ತು. ಮುಂದೆ ಅವಳು ಕೆಣಕುತ್ತಾಳೆ: ಸಾಬೀತಾಗುವ ತನಕ ಏನನ್ನೂ ಒಪ್ಪದಿರುವ ವಿಜ್ಞಾನದ ಅಭ್ಯಾಸ, ಸಾಬೀತು ಮಾಡಲು ಬಾರದ ವಿಷಯಗಳ ಮೇಲೂ ಸವಾರಿ ಮಾಡುತ್ತಿರಬಹುದಲ್ಲ? ನಿನಗಿಂತ ಮೊದಲೇ ಸಂಶಯದ ದಾರಿ ಹಿಡಿದ ಅಣ್ಣ ಎರಾಸ್ಮಸ್‌ನ ಮೇಲಿನ ಅಭಿಮಾನ ನಿನ್ನ ಹೆಜ್ಜೆಯನ್ನು ಸಲೀಸು ಮಾಡಿರಬಹುದಲ್ಲ? ಇದು ನನಗೆ ಸಂಬಂಧಿಸಿದ್ದಲ್ಲ ಎನ್ನಬೇಡ, ನಿನಗೆ ಸಂಬಂಧಿಸಿದ್ದೆಲ್ಲ ನನಗೂ ಸಂಬಂಧಿಸಿದ್ದೇ ಎಂಬುದು ಅವಳ ವಾದ. ನಾವಿಬ್ಬರೂ ಎಂದೆಂದಿಗೂ ಒಬ್ಬರಿಗೊಬ್ಬರು ಅಲ್ಲವೆಂದಾದರೆ ತನ್ನ ದುಃಖಕ್ಕೆ ಕೊನೆಯಿಲ್ಲ ಎಂದೂ ಸೇರಿಸುತ್ತಾಳೆ. ಗಂಡನ ಸಂಶಯಕ್ಕೆ ಅವಳು ತೋರಿಸಿದ ಗೌರವ ಸುಮ್ಮನಿರುವುದರಲ್ಲಿ ಇರಲಿಲ್ಲ. ಅದನ್ನು ವಾದಕ್ಕೆ ಯೋಗ್ಯವಾದ ವಿಷಯವೆಂದು ಎಣಿಸಿದ್ದರಲ್ಲಿ ಇತ್ತು.

1842ರಲ್ಲಿ ಸಂಸಾರ ಕೆಂಟ್ ಪ್ರಾಂತದ ಡೌನ್ ಹಳ್ಳಿಗೆ ಬಂತು. ಭಾನುವಾರ ಎಮ್ಮಾ ಮಕ್ಕಳನ್ನು ಕರೆದುಕೊಂಡು ಚರ್ಚಿಗೆ ಹೋಗುತ್ತಿದ್ದಳು. ಬರಬರುತ್ತ ಡಾರ್ವಿನ್ ಒಳಗೆ ಹೋಗುವುದನ್ನು ಬಿಟ್ಟು, ಅವರು ಪೂಜೆಯಲ್ಲಿದ್ದಷ್ಟು ಹೊತ್ತು ಹೊರಗೆ ಅಡ್ಡಾಡುತ್ತಿದ್ದ. ದೇವಸ್ಥಾನದ ಹೊರಗೆ ಮನೆಯವರ ಚಪ್ಪಲಿ ಕಾಯುತ್ತ ನಿಲ್ಲುವ ಗಂಡಸರು ಕರ್ನಾಟಕದಲ್ಲೂ ಬೇಕಾದಷ್ಟಿದ್ದಾರೆ. ಈ ಪ್ರಬಂಧಕಾರನ ತಂದೆ ಅಂಥವರಲ್ಲೊಬ್ಬರು. ತಾಯಿ ಒಳಗೆ ಅವರ ಹೆಸರು, ಗೋತ್ರ, ನಕ್ಷತ್ರ ಹೇಳಿ ಅರ್ಚನೆ ಮಾಡಿಸಿಕೊಂಡೇ ಬರುತ್ತಿದ್ದರು. ತಂದೆ ಕುಂಕುಮ ಬೇಡವೆಂದರೂ ತೆಂಗಿನಕಾಯಿಯ ಚೂರನ್ನು ಬೇಡವೆಂದದ್ದಿಲ್ಲ.

ಎಮ್ಮಾಳ ಭಕ್ತಿಯೂ ಸರಳರೇಖೆಯದ್ದಲ್ಲ. ಅವಳ ತವರಿನದು ತ್ರಿಯೇಕ ದೇವರ ತತ್ವವನ್ನು ಒಪ್ಪದ ಯೂನಿಟೇರಿಯನ್ ಸಂಸ್ಕಾರ. ಡೌನ್ ಚರ್ಚಿನಲ್ಲಿ ವಿಶ್ವಾಸ ಪ್ರಮಾಣ ಹೇಳುವಾಗ ಸಭೆಯೆಲ್ಲ ಪೂರ್ವದ ಬಲಿಪೀಠದತ್ತ ತಿರುಗಿದರೆ, ಡಾರ್ವಿನ್ ಮನೆಯವರು ಮಾತ್ರ ತಿರುಗದೆ, ತಿರುಗಿದವರ ಮುಖ ನೋಡುತ್ತ ನಿಂತಿರುತ್ತಿದ್ದರೆಂದು ಮಗ ಫ್ರಾನ್ಸಿಸ್ ನೆನೆದಿದ್ದಾನೆ. ಹೊರಗೆ ಒಬ್ಬ ಸಂಶಯವಾದಿ, ಒಳಗೆ ಒಂದು ಸಾಲು ಭಿನ್ನಮತೀಯರು! ಎಳೆಯ ವಯಸ್ಸಿನ ಆ ಗಟ್ಟಿ ನಂಬಿಕೆ ಮುಂದೆ ತಾಯಿಯಲ್ಲಿ ಅಷ್ಟು ತೀವ್ರವಾಗಿ ಉಳಿಯಲಿಲ್ಲವೆಂದು ಮಗಳು ಹೆನ್ರಿಯೆಟಾ ಬರೆದಿದ್ದಾಳೆ.

1844ರಲ್ಲಿ ಡಾರ್ವಿನ್ ತನ್ನ ವಿಕಾಸ ಸಿದ್ಧಾಂತದ ದೀರ್ಘ ಕರಡು ಬರೆದು ಮುಗಿಸಿದ. ತಾನು ಹಠಾತ್ತನೆ ಸತ್ತರೆ 400 ಪೌಂಡ್ ಖರ್ಚುಮಾಡಿ ಅದನ್ನು ಅಚ್ಚುಮಾಡಿಸಬೇಕೆಂದು ಜುಲೈ 5ರಂದು ಕಾಗದ ಬರೆದಿಟ್ಟದ್ದು ಎಮ್ಮಾಳ ಹೆಸರಿಗೇ. ಬೇರೆ ಯಾರನ್ನೂ ಅವನು ಅಷ್ಟು ನಂಬಿದಂತಿಲ್ಲ. ಅವಳು ಕರಡು ಓದಿದಳು. ಕಣ್ಣಿನಂಥ ಅಂಗವೂ ಹಂತಹಂತವಾಗಿ ರೂಪುಗೊಂಡಿರಬಹುದು ಎಂಬಲ್ಲಿ, ಇದು ಬಹಳ ದೊಡ್ಡ ಊಹೆ ಎಂದು ಅಂಚಿನಲ್ಲಿ ಟಿಪ್ಪಣಿ ಹಾಕಿದಳು.

1851ರ ಏಪ್ರಿಲ್ 23ರಂದು ಹತ್ತು ವರ್ಷದ ಮಗಳು ಆನ್ನಿ ಮಾಲ್ವರ್ನ್‌ನಲ್ಲಿ ತೀರಿಕೊಂಡಳು. ತುಂಬು ಗರ್ಭಿಣಿ ಎಮ್ಮಾಳಿಗೆ ಮನೆಬಿಟ್ಟು ಹೋಗಲಾಗಲಿಲ್ಲ. ಮುಂದಿನ ತಿಂಗಳು ಹೋರಸ್ ಹುಟ್ಟಿದ. ಡಾರ್ವಿನ್ ದೇವರನ್ನು ಕಳೆದುಕೊಂಡದ್ದು ಆ ಮಗುವಿನ ಹಾಸಿಗೆಯ ಪಕ್ಕದಲ್ಲಿ ಎಂಬ ಮಾತು ಕಥೆಗೆ ಚೆಂದ. ಆದರೆ ಸಂಶಯ ಹನ್ನೆರಡು ವರ್ಷ ಮೊದಲೇ ಆ ಮನೆಯಲ್ಲಿತ್ತು. 1861ರಲ್ಲಿ ಎಮ್ಮಾ ಇನ್ನೊಂದು ಕಾಗದ ಬರೆದು, ಗಂಡನ ಕಾಯಿಲೆಯನ್ನು ಕಂಡು ಎದೆ ತುಂಬಿ ಮಾತೇ ಹೊರಡದು, ನರಳಾಟವನ್ನೆಲ್ಲ ದೇವರ ಕೈಯಿಂದ ಬಂದದ್ದೆಂದು ನಂಬಲು ಯತ್ನಿಸುವುದೊಂದೇ ತನಗೆ ಆಸರೆ ಎಂದಳು. ನಂಬುತ್ತೇನೆ ಎನ್ನಲಿಲ್ಲ, ಯತ್ನಿಸುತ್ತೇನೆ ಎಂದಳು. ಡಾರ್ವಿನ್ ಅದರ ಕೆಳಗೆ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಎಂದು ಬರೆದಿಟ್ಟ. ನಾಸ್ತಿಕ್ಯದ ಶಾಸ್ತ್ರಕ್ಕೆ ಇದು ಕೂಡದು, ಸಂಸಾರಕ್ಕೆ ಕೂಡುತ್ತದೆ. ಅವರ ಬಹಿರಂಗ ಕಾಳಗವೇನಿದ್ದರೂ ರಾತ್ರಿಯ ಬ್ಯಾಕ್‌ಗ್ಯಾಮನ್ ಪಗಡೆಯಲ್ಲಿ. 1876ರ ಹೊತ್ತಿಗೆ ಎಮ್ಮಾ 2490 ಆಟ ಗೆದ್ದಿದ್ದಳು, ತಾನು 2795 ಎಂದು ಡಾರ್ವಿನ್ ಗೆಳೆಯ ಏಸಾ ಗ್ರೇಗೆ ಲೆಕ್ಕ ಒಪ್ಪಿಸಿದ್ದಾನೆ.

ಡಾರ್ವಿನ್ 1882ರ ಏಪ್ರಿಲ್ 19ರಂದು ತೀರಿಕೊಂಡ. 1839ರ ಕಾಗದದ ಮೇಲೆ ಅವನ ಕೈಬರಹದ ಸಾಲೊಂದಿದೆ: ಎಷ್ಟೋ ಸಲ ಇದಕ್ಕೆ ಮುತ್ತಿಟ್ಟು ಅತ್ತಿದ್ದೇನೆ, ನಾನು ಸತ್ತಮೇಲೆ ನಿನಗಿದು ತಿಳಿದಿರಲಿ ಎಂಬರ್ಥದ್ದು. ಬೇಡವೆಂದಿದ್ದ ಉತ್ತರವೂ ಹೀಗೆ ಅದರಲ್ಲೇ ಇತ್ತು.

ಮನೆಯವರಿಗಾಗಿ ಡಾರ್ವಿನ್ ಬರೆದಿಟ್ಟ ಆತ್ಮಕಥೆಯ ವಿಷಯದಲ್ಲಿ ಮಾತ್ರ ಎಮ್ಮಾ ಪಟ್ಟು ಸಡಿಲಿಸಲಿಲ್ಲ. ನಂಬದವರಿಗೆ ನಿತ್ಯನರಕ ಎನ್ನುವ ಬೋಧೆಯನ್ನು ಅವನು ಅಲ್ಲಿ ಕಟುವಾಗಿ ಹಳಿದಿದ್ದ. ಆ ಭಾಗ ಒರಟಾಗಿದೆ, ಅಚ್ಚಾಗುವುದು ತನಗಿಷ್ಟವಿಲ್ಲ ಎಂದು ಅವಳು 1882ರ ಅಕ್ಟೋಬರ್‌ನಲ್ಲಿ ಪ್ರತಿಯ ಮೇಲೆ ಬರೆದಳು. ಆ ಬೋಧೆಯನ್ನು ಎಷ್ಟು ಬೈದರೂ ಸಾಲದು, ಆದರೆ ಈಗ ಅದನ್ನು ಕ್ರೈಸ್ತಧರ್ಮವೆನ್ನುವವರು ತೀರ ಕಡಿಮೆ ಎಂಬುದು ಅವಳ ತಕರಾರು. ಫ್ರಾನ್ಸಿಸ್ 1887ರಲ್ಲಿ ಆ ಮಾತುಗಳನ್ನು ಕೈಬಿಟ್ಟೇ ಪ್ರಕಟಿಸಿದ. ಬಿಟ್ಟದ್ದನ್ನೆಲ್ಲ ಸೇರಿಸಿ 1958ರಲ್ಲಿ ಪೂರ್ಣಪಾಠ ತಂದವಳು ಮೊಮ್ಮಗಳು, ಹೋರಸ್‌ನ ಮಗಳು ನೋರಾ ಬಾರ್ಲೊ. ಅಜ್ಜನ ಮಾತಿಗೆ ಅವಳು ಅಡಿಟಿಪ್ಪಣಿಯಾಗಿ ಅಜ್ಜಿಯ ಆಕ್ಷೇಪವನ್ನೂ ಅಚ್ಚುಹಾಕಿಸಿದಳು.